ಎಂಬತ್ತೈದರ ಗೆರೆ: ಓದಲು ಕಷ್ಟಪಡುವ ಮಗುವಿಗೆ ನೆರವು ಸಿಗಬೇಕಾದರೆ ಬುದ್ಧಿಗೆ ಅಂಕ ಬೇಕೆ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ನಮ್ಮ ಕರಾವಳಿಯ ಶಾಲೆಗಳಲ್ಲಿ ಪ್ರತಿವರ್ಷವೂ ಒಂದು ಬಗೆಯ ಓಡಾಟ ಶುರುವಾಗುತ್ತದೆ. ಒಂಬತ್ತನೇ ತರಗತಿಯವರೆಗೆ ಹೇಗೋ ಸಾಗಿಬಂದ ಮಗುವಿಗೆ ಓದಲು, ಬರೆಯಲು ಏನೋ ತೊಡಕಿದೆ ಎಂದು ಶಾಲೆಗೆ ಆಗ ಅರಿವಾಗುತ್ತದೆ. ಹೆತ್ತವರು ಮಗುವನ್ನು ಕರೆದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ, ಅಲ್ಲಿಂದ ಶಿಕ್ಷಣ ಇಲಾಖೆಯ ಕಚೇರಿಗೆ ಅಲೆಯುತ್ತಾರೆ. ಅವರಿಗೆ ಬೇಕಾಗಿರುವುದು ಒಂದು ಪ್ರಮಾಣಪತ್ರ. ಅದು ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸ್ಕ್ರೈಬ್, ಭಾಷಾ ವಿನಾಯಿತಿ ಮುಂತಾದ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಸಿಗದಿದ್ದರೆ ಇಲ್ಲ.

ಆ ಪ್ರಮಾಣಪತ್ರದ ಹಾದಿಯಲ್ಲಿ ಹೆಚ್ಚಿನ ಹೆತ್ತವರಿಗೆ ಗೊತ್ತೇ ಇರದ ಒಂದು ಗೇಟು ಇದೆ. ಅದುವೇ ಬುದ್ಧಿ ಸೂಚ್ಯಂಕ, ಅಂದರೆ ಐಕ್ಯೂ. ಓದಲು ಬಾರದ ಮಗುವಿಗೆ ನೆರವು ಸಿಗಬೇಕಾದರೆ ಅದು ಮೊದಲು ತಾನು 'ಬುದ್ಧಿವಂತ' ಎಂದು ಸಾಬೀತು ಮಾಡಬೇಕು! ಈ ನಿಯಮ ಎಲ್ಲಿಂದ ಬಂತು, ಅದಕ್ಕೆ ಈಗಲೂ ಅರ್ಥವಿದೆಯೇ, ಅದರಿಂದ ಹೊರಗುಳಿಯುವ ಮಕ್ಕಳು ಯಾರು ಎಂಬುದನ್ನು ನಾವು ಇಲ್ಲಿ ಪರಿಶೀಲಿಸೋಣ.

ಡಿಸ್ಲೆಕ್ಸಿಯ ಎಂದರೆ ಏನು?

2007ರಲ್ಲಿ ಆಮಿರ್ ಖಾನ್ ಅವರ 'ತಾರೇ ಜಮೀನ್ ಪರ್' ಚಿತ್ರ ಬಂದ ಮೇಲೆ ಡಿಸ್ಲೆಕ್ಸಿಯ ಎಂಬ ಶಬ್ದ ನಮ್ಮ ಮನೆಗಳಿಗೂ ಪರಿಚಯವಾಯಿತು. ಆದರೆ ಅದರ ಜೊತೆಗೆ ತಪ್ಪು ಕಲ್ಪನೆಗಳೂ ಬಂದವು. ಅಕ್ಷರ ತಿರುವುಮುರುವಾಗಿ ಕಾಣುವುದೇ ಡಿಸ್ಲೆಕ್ಸಿಯ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಅದು ಕಣ್ಣಿನ ದೋಷವಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದು, ಆ ಧ್ವನಿಯನ್ನು ಅಕ್ಷರಕ್ಕೆ ಜೋಡಿಸುವುದು, ಜೋಡಿಸಿದ್ದನ್ನು ತಡವರಿಸದೆ ಸರಾಗವಾಗಿ ಓದುವುದು - ಈ ಕೆಲಸಗಳಲ್ಲಿ ಮೆದುಳಿಗೆ ಆಗುವ ತೊಡಕು ಅದು. ಬರವಣಿಗೆಯ ತೊಡಕಿಗೆ ಡಿಸ್‌ಗ್ರಾಫಿಯ ಎಂದೂ ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕುಲಿಯ ಎಂದೂ ಹೆಸರು. ಇವೆಲ್ಲವನ್ನೂ ಸೇರಿಸಿ ಕಾನೂನು 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂದು ಕರೆಯುತ್ತದೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಇಂಥ ತೊಡಕು ಇರುತ್ತದೆ ಎಂಬುದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ನೀಡುವ ಅಂದಾಜು. ಕೆಳಗಿನ ಅಂಕಿಯನ್ನೇ ಹಿಡಿದರೂ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು.

ಕಾನೂನು ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಇಂಥ ನ್ಯೂನತೆಯನ್ನು ಮಕ್ಕಳಲ್ಲಿ ಆದಷ್ಟು ಬೇಗ ಪತ್ತೆಹಚ್ಚಿ, ಸೂಕ್ತ ಬೋಧನಾ ಕ್ರಮಗಳ ಮೂಲಕ ಅದನ್ನು ದಾಟಲು ನೆರವಾಗಬೇಕು ಎಂದು ಕಾಯ್ದೆಯ 16ನೇ ಸೆಕ್ಷನ್ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಮೇಲೆ ಹೊಣೆ ಹೊರಿಸುತ್ತದೆ. ಇದು ಸಣ್ಣ ಸಾಧನೆಯೇನಲ್ಲ.

ಆದರೆ ಕಾಯ್ದೆ ಕೊಟ್ಟದ್ದನ್ನು ನಿಯಮ ಹೇಗೆ ಅಳೆದು ಹಂಚಿತು ಎಂಬುದನ್ನು ನೋಡಬೇಕು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಮೂರನೇ ತರಗತಿ ಅಥವಾ ಎಂಟು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಶಾಲೆಯೇ ಪ್ರಾಥಮಿಕ ತಪಾಸಣೆ ಮಾಡಬೇಕು. ಸಂಶಯ ಬಂದರೆ ಮಗುವನ್ನು ಮಕ್ಕಳ ತಜ್ಞರ ಬಳಿಗೆ, ಅಲ್ಲಿಂದ ಮನಶ್ಶಾಸ್ತ್ರಜ್ಞರ ಬಳಿಗೆ ಕಳುಹಿಸಬೇಕು. ಮನಶ್ಶಾಸ್ತ್ರಜ್ಞರು ಮೊದಲು ಐಕ್ಯೂ ಪರೀಕ್ಷೆ ಮಾಡಬೇಕು. ಅಂಕ 85ಕ್ಕಿಂತ ಹೆಚ್ಚು ಬಂದರೆ ಮಾತ್ರ ಮುಂದಿನ ಹಂತ, ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆಗಳು. ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಪ್ರಮಾಣಪತ್ರ. 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ತಪಾಸಣೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ಊರ್ಜಿತ. 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿಯ ಪರಿಷ್ಕರಣೆಯಾಯಿತು. ಆದರೂ ಓದಿನ ತೊಡಕನ್ನು ಅಳೆಯುವ ಮುನ್ನ ಬುದ್ಧಿಯನ್ನು ಅಳೆಯುವ ರೂಢಿ ನಮ್ಮ ತಪಾಸಣಾ ಕೊಠಡಿಗಳಿಂದ ಹೋಗಿಲ್ಲ.

ನಡುವೆ ಬಿದ್ದವರು

ಐಕ್ಯೂ ಅಂಕದ ಲೆಕ್ಕ ಸರಳ. ಸರಾಸರಿಗೆ 100 ಎಂದು ಇಟ್ಟಿರುತ್ತಾರೆ. 70ಕ್ಕಿಂತ ಕೆಳಗೆ ಬಂದು, ದಿನನಿತ್ಯದ ಬದುಕಿನಲ್ಲೂ ತೊಂದರೆ ಇದ್ದರೆ ಅದು ಬೌದ್ಧಿಕ ವೈಕಲ್ಯ. ಅದಕ್ಕೆ ಬೇರೆ ಪ್ರಮಾಣಪತ್ರ, ಬೇರೆ ಸೌಲಭ್ಯ ಇದೆ. 85ಕ್ಕಿಂತ ಮೇಲೆ ಬಂದು ಓದಲು ತೊಡಕಿದ್ದರೆ ಅದು ಕಲಿಕಾ ನ್ಯೂನತೆ. ಹಾಗಾದರೆ 70 ಮತ್ತು 85ರ ನಡುವಿನ ಮಗು ಯಾವ ಪಟ್ಟಿಗೆ ಸೇರಿತು? ಯಾವುದಕ್ಕೂ ಸೇರಲಿಲ್ಲ! ಅಂಕಿಅಂಶದ ಸಾಮಾನ್ಯ ಹಂಚಿಕೆಯ ಪ್ರಕಾರ ನೂರಕ್ಕೆ ಸುಮಾರು 14 ಮಕ್ಕಳು ಈ ನಡುವಿನ ಪಟ್ಟಿಯಲ್ಲಿ ಬರುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ ಐದಾರು ಮಂದಿ. ಅವರೆಲ್ಲರಿಗೂ ಓದಿನ ತೊಡಕು ಇರುತ್ತದೆ ಎಂದಲ್ಲ. ಆದರೆ ಇದ್ದವರಿಗೆ 'ನಿಮ್ಮ ಮಗು ನಿಧಾನ ಕಲಿಕೆಯದ್ದು' ಎಂಬ ಒಂದು ಮಾತು ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

86 ಅಂಕದ ಮಗುವಿಗೆ ಸೌಲಭ್ಯ, 84 ಅಂಕದ ಮಗುವಿಗೆ ಇಲ್ಲ. ಯಾವ ಐಕ್ಯೂ ಪರೀಕ್ಷೆಯೂ ಅಷ್ಟು ಕರಾರುವಾಕ್ಕಾದ ತಕ್ಕಡಿಯಲ್ಲ. ಜ್ವರ ಬಂದು ಎದ್ದ ಮಗು, ಅಪರಿಚಿತರ ಎದುರು ಬಾಯಿ ಬಿಡದ ಮಗು, ಪರೀಕ್ಷೆ ಮಾಡುವವರ ಭಾಷೆ ಸರಿಯಾಗಿ ತಿಳಿಯದ ಮಗು - ಇವರ ಅಂಕ ಇನ್ನೊಂದು ದಿನ ಕೆಲವು ಅಂಕ ಮೇಲೆ ಕೆಳಗೆ ಆಗುವುದು ಸಹಜ. ಮನಶ್ಶಾಸ್ತ್ರಜ್ಞರೂ ಇದನ್ನು ಒಪ್ಪುತ್ತಾರೆ.

ಪ್ಯಾರಿಸ್‌ನಿಂದ ಧಾರವಾಡಕ್ಕೆ

ಬುದ್ಧಿಮಾಪನದ ಮೂಲ ಉದ್ದೇಶ ಮಕ್ಕಳನ್ನು ಹೊರಗಿಡುವುದಾಗಿರಲಿಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. 1904ರಲ್ಲಿ ಫ್ರಾನ್ಸ್ ಸರ್ಕಾರ ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಲು ಒಂದು ಸಮಿತಿ ನೇಮಿಸಿತು. ಅದರ ಸದಸ್ಯ ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೋನ್ ಜೊತೆಗೂಡಿ 1905ರಲ್ಲಿ ಮೊದಲ ಬುದ್ಧಿಮಾಪಕವನ್ನು ಸಿದ್ಧಪಡಿಸಿದ. ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ತಿಳಿಯುವುದೇ ಅದರ ಗುರಿ. ಬುದ್ಧಿ ಎಂಬುದು ಹುಟ್ಟಿನಿಂದ ನಿಗದಿಯಾದ, ಬದಲಾಗದ ಪ್ರಮಾಣ ಎಂಬ ವಾದವನ್ನು ಬಿನೆ ಬಲವಾಗಿ ವಿರೋಧಿಸಿದ. ಅವನು 1911ರಲ್ಲಿ ತೀರಿಕೊಂಡ. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಐಕ್ಯೂ ಎಂಬ ಲೆಕ್ಕವನ್ನು ತಂದ. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ 'ಸ್ಟ್ಯಾನ್‌ಫರ್ಡ್-ಬಿನೆ' ಪರೀಕ್ಷೆ ಹೊರತಂದ. ನೆರವು ಹುಡುಕಲು ಹುಟ್ಟಿದ ಅಳತೆಗೋಲು ಅಲ್ಲಿಂದ ಮುಂದೆ ಮಕ್ಕಳನ್ನು ವಿಂಗಡಿಸುವ ಸಾಧನವಾಗಿ ಹೆಚ್ಚು ಬಳಕೆಯಾಯಿತು.

ಈ ಕತೆಗೆ ಕನ್ನಡದ ನಂಟೂ ಇದೆ. ಡಾ. ವಿ.ವಿ. ಕಾಮತ್ ಅವರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. 'ಬಿನೆ-ಕಾಮತ್ ಪರೀಕ್ಷೆ' ಎಂಬ ಹೆಸರಿನಲ್ಲಿ ಅದು ದೇಶದ ನಾನಾ ಕಡೆ ಬಳಕೆಯಲ್ಲಿದೆ. ಆಮೇಲೆ ಬಂದದ್ದು 1969ರ ಮಾಲಿನ್ ಅವರ ಪರೀಕ್ಷೆ, 'ಮಿಸಿಕ್' ಎಂದು ಪ್ರಸಿದ್ಧ. 2018ರ ಮಾರ್ಗಸೂಚಿಯಲ್ಲಿ ಇದರ ಹೆಸರೂ ಇದೆ. ಅರ್ಧ ಶತಮಾನಕ್ಕೂ ಹಿಂದಿನ ಮಕ್ಕಳ ಉತ್ತರಗಳನ್ನು ಆಧರಿಸಿದ ಅಳತೆಯಲ್ಲಿ ಇಂದಿನ ಮಗುವಿನ ಹಕ್ಕು ತೂಗುತ್ತಿದೆ ಎಂದರೆ ತಪ್ಪಾಗಲಾರದು.

'ಜಾಣ, ಆದರೂ ಓದಲಾರ'

ಡಿಸ್ಲೆಕ್ಸಿಯಕ್ಕೂ ಐಕ್ಯೂಗೂ ಗಂಟು ಬಿದ್ದದ್ದು ಹೇಗೆ? 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಲೆಕ್ಕದಲ್ಲಿ ಮುಂದು; ಆದರೆ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಅವನೇ ಮುಂದಿರುತ್ತಿದ್ದ ಎಂಬುದು ಅವನ ಮೇಷ್ಟ್ರ ಅಭಿಪ್ರಾಯವಾಗಿತ್ತು. ಅಂದಿನಿಂದ 'ಜಾಣ, ಆದರೂ ಓದಲಾರ' ಎಂಬ ಚಿತ್ರವೇ ಡಿಸ್ಲೆಕ್ಸಿಯದ ಗುರುತಾಗಿಬಿಟ್ಟಿತು. ಜಾಣನಲ್ಲದವನು ಓದದಿದ್ದರೆ ಅದರಲ್ಲಿ ಆಶ್ಚರ್ಯವೇನು ಎಂಬ ಧೋರಣೆ ಅದರ ಇನ್ನೊಂದು ಮುಖ. 1977ರಲ್ಲಿ ಅಮೆರಿಕದ ಸರ್ಕಾರಿ ನಿಯಮವೂ ಬುದ್ಧಿಯ ಅಂಕಕ್ಕೂ ಓದಿನ ಅಂಕಕ್ಕೂ ದೊಡ್ಡ ಅಂತರ ಇದ್ದರೆ ಮಾತ್ರ ಕಲಿಕಾ ನ್ಯೂನತೆ ಎಂದಿತು.

ಮುಂದಿನ ವರ್ಷಗಳ ಸಂಶೋಧನೆ ಈ ನಂಬಿಕೆಯನ್ನು ಅಲುಗಿಸಿತು. ಐಕ್ಯೂ ಹೆಚ್ಚಿದ್ದು ಓದಲಾರದ ಮಕ್ಕಳಿಗೂ, ಐಕ್ಯೂ ಕಡಿಮೆಯಿದ್ದು ಓದಲಾರದ ಮಕ್ಕಳಿಗೂ ಇರುವ ಮೂಲ ತೊಡಕು ಒಂದೇ - ಧ್ವನಿಯನ್ನು ಬಿಡಿಸುವುದರಲ್ಲಿ. ಕೆನಡಾದ ಸಂಶೋಧಕಿ ಲಿಂಡಾ ಸೀಗಲ್ 1989ರಲ್ಲೇ ಕಲಿಕಾ ನ್ಯೂನತೆಯ ವ್ಯಾಖ್ಯೆಗೆ ಐಕ್ಯೂ ಅಪ್ರಸ್ತುತ ಎಂದು ವಾದಿಸಿದರು. 2011ರಲ್ಲಿ ಪ್ರಕಟವಾದ ಮೆದುಳಿನ ಚಿತ್ರಣದ ಅಧ್ಯಯನವೊಂದು ಈ ಎರಡೂ ಗುಂಪಿನ ಮಕ್ಕಳ ಮೆದುಳು ಓದುವಾಗ ಒಂದೇ ರೀತಿ ಕೆಲಸ ಮಾಡುವುದನ್ನು ತೋರಿಸಿತು. ಅದಕ್ಕೂ ಮೊದಲೇ, ಅಂತರದ ಲೆಕ್ಕವನ್ನು ರಾಜ್ಯಗಳು ಕಡ್ಡಾಯ ಮಾಡುವಂತಿಲ್ಲ ಎಂದು ಅಮೆರಿಕದ ಕಾನೂನು 2004ರಲ್ಲಿ ಬದಲಾಯಿತು. ಡಿಸ್ಲೆಕ್ಸಿಯ ಎಲ್ಲ ಮಟ್ಟದ ಬುದ್ಧಿಶಕ್ತಿಯವರಲ್ಲೂ ಕಂಡುಬರುತ್ತದೆ ಎಂದು ಬ್ರಿಟನಿನ ರೋಸ್ ವರದಿ 2009ರಲ್ಲಿ ಹೇಳಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ ಅಂತರದ ಷರತ್ತನ್ನು ಕೈಬಿಟ್ಟು, ಬೌದ್ಧಿಕ ವೈಕಲ್ಯ ಇಲ್ಲ ಎಂದು ಖಚಿತವಾದರೆ ಸಾಕು ಎಂದಿತು. ಅಂದರೆ ನಾವು 2018ರಲ್ಲಿ ಹಾಕಿಕೊಂಡ ಗೆರೆಯನ್ನು ಲೋಕ ಅದಕ್ಕೂ ಮೊದಲೇ ಅಳಿಸತೊಡಗಿತ್ತು!

ಮತ್ತಾಯನ ಹೆಸರಿನ ಪರಿಣಾಮ

ಇನ್ನೂ ಒಂದು ಅನ್ಯಾಯ ಇದರಲ್ಲಿ ಅಡಗಿದೆ. ಐಕ್ಯೂ ಪರೀಕ್ಷೆಯ ಒಂದು ಭಾಗ ಶಬ್ದಜ್ಞಾನ, ಸಾಮಾನ್ಯ ಮಾಹಿತಿ, ಬಾಯಿಲೆಕ್ಕ. ಮಗು ಇವುಗಳನ್ನು ಹೆಚ್ಚಾಗಿ ಓದಿನಿಂದಲೇ ಗಳಿಸುತ್ತದೆ. ಓದಲಾರದ ಮಗು ಕಡಿಮೆ ಓದುತ್ತದೆ, ಕಡಿಮೆ ಓದಿದ್ದಕ್ಕೆ ಶಬ್ದಗಳು ಕಡಿಮೆ, ಶಬ್ದಗಳು ಕಡಿಮೆಯಾದ್ದರಿಂದ ಓದು ಇನ್ನೂ ಕಷ್ಟ. ಕೀತ್ ಸ್ಟಾನೊವಿಚ್ ಎಂಬ ಮನಶ್ಶಾಸ್ತ್ರಜ್ಞ 1986ರಲ್ಲಿ ಓದಿನ ಈ ಸುಳಿಯನ್ನು 'ಮತ್ತಾಯನ ಪರಿಣಾಮ' ಎಂದು ವಿವರಿಸಿದರು. ನಮ್ಮ ಓದುಗರಿಗೆ ಪರಿಚಿತವಾದ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ತಲೆಂತುಗಳ ಸಾಮತಿಯಿಂದಲೇ ಈ ಹೆಸರು ಬಂದಿದೆ. ಇದ್ದವನ ಗಂಟು ಬೆಳೆಯುತ್ತದೆ, ಇಲ್ಲದವನದ್ದು ಕರಗುತ್ತದೆ ಎಂಬ ಅರ್ಥದಲ್ಲಿ.

ಹೀಗಿರುವಾಗ ಮೂರನೇ ತರಗತಿಯಲ್ಲಿ 90 ಅಂಕ ಪಡೆಯುತ್ತಿದ್ದ ಮಗು ಯಾವ ನೆರವೂ ಇಲ್ಲದೆ ಒಂಬತ್ತನೇ ತರಗತಿಗೆ ಬಂದಾಗ ಅದರ ಅಂಕ ಕುಸಿಯಬಹುದು. ಐಕ್ಯೂ ಪರೀಕ್ಷೆಯ ಕೆಲವು ಭಾಗಗಳಲ್ಲಿ - ಅಂಕಗಣಿತ, ಸಂಕೇತಗಳನ್ನು ವೇಗವಾಗಿ ನಕಲು ಮಾಡುವುದು, ಸಾಮಾನ್ಯ ಮಾಹಿತಿ, ಅಂಕಿಗಳ ಸಾಲನ್ನು ನೆನಪಿಟ್ಟು ಹೇಳುವುದು - ಡಿಸ್ಲೆಕ್ಸಿಯ ಇರುವವರು ಹಿಂದೆ ಬೀಳುವುದನ್ನು ತಜ್ಞರು ಬಹುಕಾಲದಿಂದ ಗಮನಿಸಿದ್ದಾರೆ. ನ್ಯೂನತೆಯೇ ಅಂಕವನ್ನು ಇಳಿಸುತ್ತದೆ. ಅಂಕ ಇಳಿದದ್ದಕ್ಕೆ ನ್ಯೂನತೆ ಇಲ್ಲ ಎಂದು ಹೇಳುತ್ತೇವೆ. ಇದಕ್ಕಿಂತ ವಿಚಿತ್ರ ಇನ್ನೇನಿದೆ?

ಕರಾವಳಿಯ ಮಗುವಿನ ನಾಲ್ಕು ಭಾಷೆ

ನಮ್ಮ ಭಾಗದಲ್ಲಿ ವಿಷಯ ಇನ್ನಷ್ಟು ಸಿಕ್ಕಲು. ಮನೆಯಲ್ಲಿ ಕೊಂಕಣಿ, ತುಳು ಅಥವಾ ಬ್ಯಾರಿ, ಅಂಗಳದಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮೇಲೆ ಹಿಂದಿ. ಓದಲು ತಡವಾಗುವುದು ಭಾಷೆ ಹೊಸದಾದ್ದರಿಂದಲೋ, ಪಾಠ ಸರಿಯಾಗಿ ಆಗದ್ದರಿಂದಲೋ, ಡಿಸ್ಲೆಕ್ಸಿಯದಿಂದಲೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಕನ್ನಡದಲ್ಲಿ ಉಚ್ಚಾರಕ್ಕೂ ಬರಹಕ್ಕೂ ಹೊಂದಾಣಿಕೆ ಇದೆ. ಇಂಗ್ಲಿಷಿನ 'ಬಟ್', 'ಪುಟ್' ತಂಟೆ ಇಲ್ಲಿ ಇಲ್ಲ. ಆದ್ದರಿಂದ ಕನ್ನಡ ಓದುವಾಗ ಇಂಥ ಮಗು ತಪ್ಪು ಓದುವುದಕ್ಕಿಂತ ಹೆಚ್ಚಾಗಿ ತೀರಾ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದಬಹುದು. ಮಾರ್ಕು ಕಡಿಮೆಯಾದರೂ ತಪ್ಪು ಎದ್ದು ಕಾಣದ್ದರಿಂದ ಶಿಕ್ಷಕರ ಕಣ್ಣು ತಪ್ಪುತ್ತದೆ.

ಇನ್ನೊಂದೆಡೆ, ನಮ್ಮ ಲಿಪಿಯಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳು ಇವುಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ಕೆಲವು ವರ್ಷಗಳೇ ಬೇಕು ಎಂದು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಎರಡನೇ ತರಗತಿಯ ಮಗು ಒತ್ತಕ್ಷರ ತಪ್ಪಿದರೆ ಅದು ರೋಗವಲ್ಲ. ಆದುದರಿಂದ ಇಂಗ್ಲಿಷಿನ ಪರೀಕ್ಷೆಯಿಂದ ಕನ್ನಡದ ಮಗುವನ್ನು ಅಳೆಯುವುದು ಸರಿಯಲ್ಲ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ 'ಡಾಲಿ' ಎಂಬ ಪರೀಕ್ಷಾ ಸಾಧನವನ್ನು ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಹೊರತಂದಿರುವುದು ಸ್ವಾಗತಾರ್ಹ. ಒಂದರಿಂದ ಐದನೇ ತರಗತಿಯವರೆಗೆ ಶಿಕ್ಷಕರೇ ಬಳಸಬಹುದಾದ ಪ್ರಾಥಮಿಕ ತಪಾಸಣೆಯೂ ಅದರಲ್ಲಿದೆ. ಅದು ನಮ್ಮ ಎಷ್ಟು ಸ್ಟಾಫ್ ರೂಮುಗಳಿಗೆ ತಲುಪಿದೆ ಎಂದು ಪ್ರತಿ ಶಾಲೆಯೂ ತನ್ನನ್ನೇ ಕೇಳಿಕೊಳ್ಳಲಿ.

ನ್ಯಾಯಾಲಯದ ದಾರಿ

ಐಕ್ಯೂ ಗೆರೆ ದಾಟಿದವರಿಗೂ ಇನ್ನೊಂದು ಗೆರೆ ಕಾದಿರುತ್ತದೆ: ಶೇಕಡಾ 40. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಅಷ್ಟು ವೈಕಲ್ಯ ಬೇಕೆನ್ನುತ್ತದೆ ಕಾಯ್ದೆ. ಆದರೆ ಪರೀಕ್ಷೆಯ ನೆರವಿಗೂ ಅದೇ ಷರತ್ತನ್ನು ಹೇರುವುದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ, ಬರೆಯಲು ನಿಜವಾದ ತೊಡಕು ಇರುವವರಿಗೆ ಶೇಕಡಾ 40ರ ಮಿತಿ ನೋಡದೆ ಸ್ಕ್ರೈಬ್ ಒದಗಿಸಬೇಕು ಎಂದು ತೀರ್ಪು ಬಂತು. ಅದೇ ವರ್ಷ ನವೆಂಬರಿನಲ್ಲಿ, ಡಿಸ್‌ಗ್ರಾಫಿಯ ಇರುವ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಒಂದು ಗಂಟೆಯ ಹೆಚ್ಚುವರಿ ಸಮಯ ನಿರಾಕರಿಸಿದ್ದು ಅನ್ಯಾಯ ಎಂದು ನ್ಯಾಯಾಲಯ ಹೇಳಿತು. ಮರುಪರೀಕ್ಷೆಗೆ ಮಾತ್ರ ಆದೇಶ ಸಿಗಲಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇಕಡಾ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ಈ ತೀರ್ಪುಗಳ ತಿರುಳು ಸ್ಪಷ್ಟ. ನೆರವು ಎಂಬುದು ಅಂಕದ ಮೇಲೆ ನಿಂತ ಬಹುಮಾನವಲ್ಲ, ಅಗತ್ಯದ ಮೇಲೆ ನಿಂತ ಹಕ್ಕು. ಶೇಕಡಾ 40ರ ಗೆರೆಗೆ ಅನ್ವಯವಾದ ಈ ತರ್ಕ 85ರ ಗೆರೆಗೂ ಅನ್ವಯವಾಗಬೇಡವೇ ಎಂಬುದು ನಮ್ಮ ಪ್ರಶ್ನೆ.

ಗೆರೆಯೇ ಬೇಡವೇ?

ಎದುರುವಾದವನ್ನೂ ಕೇಳಬೇಕು. ಯಾವುದಾದರೂ ಒಂದು ಮಿತಿ ಇಲ್ಲದಿದ್ದರೆ ಎಲ್ಲರೂ ಹೆಚ್ಚುವರಿ ಸಮಯ ಕೇಳುತ್ತಾರೆ, ಹಣವುಳ್ಳವರು ಪ್ರಮಾಣಪತ್ರ ಕೊಂಡುಕೊಳ್ಳುತ್ತಾರೆ ಎಂಬ ಭಯ ಸುಳ್ಳಲ್ಲ. ಬುದ್ಧಿಮಾಪನದಿಂದ ಉಪಯೋಗವೇ ಇಲ್ಲ ಎಂದೂ ಹೇಳಲಾಗದು. ಬೌದ್ಧಿಕ ವೈಕಲ್ಯವನ್ನು ಬೇರ್ಪಡಿಸಲು, ಮಗುವಿನ ಬಲ ಯಾವುದರಲ್ಲಿದೆ ಎಂದು ತಿಳಿಯಲು ಅದು ಬೇಕು. 'ನಿನ್ನಲ್ಲಿ ಬುದ್ಧಿ ಇದೆ ಮಗಾ' ಎಂದು ತಜ್ಞರು ಹೇಳಿದ ಒಂದು ಮಾತಿನಿಂದ ಚೇತರಿಸಿಕೊಂಡ ಮಕ್ಕಳೂ ಇದ್ದಾರೆ. ಆದರೆ ಗೆರೆ ಎಳೆಯಲೇಬೇಕಾದರೆ ಅದನ್ನು ತೊಡಕು ಇರುವ ಕಡೆ ಎಳೆಯಬೇಕು. ಮಗು ಎಷ್ಟು ನಿಧಾನ ಓದುತ್ತದೆ, ಎಷ್ಟು ತಪ್ಪು ಬರೆಯುತ್ತದೆ, ಸರಿಯಾದ ನೆರವು ಕೊಟ್ಟ ಮೇಲೂ ಎಷ್ಟು ಸುಧಾರಿಸಿತು ಎಂದು ನೋಡಬೇಕು. ಕಾಲು ಮುರಿದವನಿಗೆ ಊರುಗೋಲು ಕೊಡುವ ಮುನ್ನ ಕೈಯ ಬಲ ಅಳೆದರೆ ಹೇಗೆ?

ಹಣವುಳ್ಳವರ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಮಂಗಳೂರು, ಉಡುಪಿಯಂಥ ನಗರದಲ್ಲಿ ಮನಶ್ಶಾಸ್ತ್ರಜ್ಞರು ಸಿಗುತ್ತಾರೆ. ಬೈಂದೂರಿನ ಮೀನುಗಾರನ ಮಗಳು, ಸುಳ್ಯದ ಕೂಲಿಕಾರನ ಮಗ ಹಲವು ಸಲ ಬಸ್ಸು ಹತ್ತಿ ಬರಬೇಕು. ಅಪ್ಪನ ಒಂದೊಂದು ದಿನದ ಕೆಲಸ ತಪ್ಪುತ್ತದೆ. 8, 14, 18 ಎಂದು ಮೂರು ಬಾರಿ ತಪಾಸಣೆ ಎಂದರೆ ಅಂಥ ಮನೆಗೆ ಅದು ಸಣ್ಣ ಹೊರೆಯಲ್ಲ.

ಪ್ರಮಾಣಪತ್ರಕ್ಕೆ ಕಾಯದೆ

ಕೊನೆಯದಾಗಿ ಒಂದು ಮುಖ್ಯ ವಿಚಾರ. ಪ್ರಮಾಣಪತ್ರ ಬೇಕಾಗುವುದು ಪರೀಕ್ಷೆಯ ರಿಯಾಯಿತಿಗೆ, ಪಾಠಕ್ಕೆ ಅಲ್ಲ. ಒಂದನೇ, ಎರಡನೇ ತರಗತಿಯಲ್ಲಿ ಹಿಂದೆ ಬೀಳುವ ನಾಲ್ಕೈದು ಮಕ್ಕಳನ್ನು ದಿನಕ್ಕೆ ಇಪ್ಪತ್ತು ನಿಮಿಷ ಪ್ರತ್ಯೇಕ ಕೂರಿಸಿ, ಧ್ವನಿ ಮತ್ತು ಅಕ್ಷರವನ್ನು ಕ್ರಮವಾಗಿ, ಬಿಡಿಬಿಡಿಯಾಗಿ, ಮತ್ತೆ ಮತ್ತೆ ಕಲಿಸಲು ಯಾವ ವೈದ್ಯರ ಸಹಿಯೂ ಬೇಡ. ಕಪ್ಪು ಹಲಗೆಯಿಂದ ನಕಲು ಮಾಡಲು ಹೆಚ್ಚು ಸಮಯ ಕೊಡುವುದು, ಎಲ್ಲರ ಎದುರು ಗಟ್ಟಿಯಾಗಿ ಓದಿಸಿ ನಗೆಪಾಟಲು ಮಾಡದಿರುವುದು, ಉತ್ತರವನ್ನು ಬಾಯಲ್ಲಿ ಹೇಳಲು ಬಿಡುವುದು - ಇವಕ್ಕೂ ಬೇಡ. ಪ್ರತಿ ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಶಿಕ್ಷಕರ ವ್ಯವಸ್ಥೆ ಇದೆ. ಶಾಲೆ ಅವರನ್ನು ಸಂಪರ್ಕಿಸಬಹುದು, ಹೆತ್ತವರೂ ಕೇಳಬಹುದು.

ಕರಾವಳಿಯಲ್ಲಿ ಧರ್ಮಪ್ರಾಂತ್ಯದ, ಧರ್ಮಭಗಿನಿಯರ ಆಡಳಿತದ ಶಾಲೆಗಳು ಸಾಕಷ್ಟಿವೆ. ಶೇಕಡಾ ನೂರು ಫಲಿತಾಂಶದ ಬ್ಯಾನರ್ ಕಟ್ಟುವ ಆಸೆಯಲ್ಲಿ ಇಂಥ ಮಗುವಿನ ಟಿ.ಸಿ. ಕೊಟ್ಟು ಕಳುಹಿಸುವ ಪ್ರವೃತ್ತಿ ಎಲ್ಲೇ ಇದ್ದರೂ ಅದು ನಿಲ್ಲಬೇಕು. ಎಂಟನೇ ವಯಸ್ಸಿಗೆ ಮುನ್ನವೇ ಗಮನಿಸುವ ಶಿಕ್ಷಕಿ, ಕನ್ನಡದಲ್ಲೇ ತಪಾಸಣೆ, ಐಕ್ಯೂ ಅಂಕ ಏನೇ ಬಂದರೂ ಓದಿನ ನೆರವು - ಈ ಮೂರು ನಮ್ಮ ಕೈಯಲ್ಲೇ ಇವೆ. 85ರ ಗೆರೆಯನ್ನು ಕೈಬಿಡುವ ಕೆಲಸ ದೆಹಲಿಯದ್ದು. ಅದಕ್ಕಾಗಿ ಹೆತ್ತವರ ಸಂಘಗಳು, ಶಿಕ್ಷಕರು, ನಮ್ಮ ಜನಪ್ರತಿನಿಧಿಗಳು ಒತ್ತಾಯಿಸಬೇಕು. ಗೆರೆಯ ಕೆಳಗೆ ಕುಳಿತ ಮಗುವಿಗೆ ಮುಂದಿನ ಅಧಿಸೂಚನೆಯವರೆಗೆ ಕಾಯಲು ವರ್ಷಗಳಿಲ್ಲ. ಅದು ನಾಳೆ ಬೆಳಿಗ್ಗೆ ಮತ್ತೆ ಅದೇ ಪುಸ್ತಕ ತೆರೆಯಬೇಕಾಗಿದೆ.